ಲೋಕಲ್ ಐಡಿ ನಡಿಯಂಗಿಲ್ರಿ

ಹುಬ್ಬಳ್ಳಿಯಲ್ಲಿ ಈಗ ರಾತ್ರಿ ಕಳೆಯೋಕೆ ಎರಡು ನಮೂನಿ ರೂಮು ಸಿಗ್ತವೆ. ಒಂದು, ಹಳೇ ಬಸ್‌ಸ್ಟ್ಯಾಂಡು, ಸ್ಟೇಷನ್ ರೋಡಿನ ಕಡೆಯ ಲಾಡ್ಜು. ಕೌಂಟರಿನ ಮೇಲೆ ದಪ್ಪ ರಿಜಿಸ್ಟರು, ಅದಕ್ಕೆ ದಾರ ಕಟ್ಟಿದ ಪೆನ್ನು, ಹಿಂದೆ ದೇವರ ಫೋಟೋ, ಅದರ ಮುಂದೆ ಕೆಂಪು ಬಲ್ಬು. ಇನ್ನೊಂದು, ಮೊಬೈಲಿನಲ್ಲಿ ಬುಕ್ ಮಾಡೋ ಹೊಸ ಬಜೆಟ್ ಹೋಟೆಲು. ಇಲ್ಲಿ ದೇವರ ಫೋಟೋ ಇಲ್ಲ, ಆ ಜಾಗದಲ್ಲಿ ನಿಯಾನ್ ಅಕ್ಷರದ ಒಂದು ಇಂಗ್ಲಿಷ್ ವಾಕ್ಯ ಹೊಳೀತಿರುತ್ತೆ. ಕುರ್ಚಿ ಬದಲು ಬೀನ್ ಬ್ಯಾಗು. ಕೀಲಿ ಬದಲು ಪ್ಲಾಸ್ಟಿಕ್ ಕಾರ್ಡು. ಗೋಡೆ ಮೇಲೆ ಚೆನ್ನಮ್ಮ ಸರ್ಕಲ್ಲಿನ ಕುದುರೆ, ಧಾರವಾಡ ಫೇಡೆ, ಮಿರ್ಚಿ ಭಜಿ, ಎಲ್ಲಾ ಹಳದಿ-ನೀಲಿ ಬಣ್ಣದ ಕಾರ್ಟೂನು. ಹುಡುಗರು ಟೈ ಕಟ್ಟಲ್ಲ, ಟೀಶರ್ಟು ಮತ್ತು ಸ್ನೀಕರ್ ಹಾಕ್ಕೊಂಡು 'ಹಾಯ್' ಅಂತಾರೆ.

ಈ ಎರಡನೇ ನಮೂನಿಯ ಹೋಟೆಲುಗಳಲ್ಲಿ ಕಳೆದ ನಾಲ್ಕು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಮಲಗಿದ್ದೀನಿ. ನಮ್ಮೂರು ಕುಂದಗೋಳ ತಾಲೂಕಿನಲ್ಲಿದೆ, ಹುಬ್ಬಳ್ಳಿಯಿಂದ ಬಸ್ಸಿಗೆ ಒಂದು ತಾಸು. ಸ್ವಂತ ಊರು ಅಷ್ಟು ಹತ್ತಿರ ಇಟ್ಕೊಂಡು ಹೋಟೆಲ್ಲಿಗೆ ಯಾಕೆ ದುಡ್ಡು ಹಾಕ್ತೀಯ ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಕೇಳೋರಲ್ಲಿ ಅರ್ಧ ಜನ ಊರಿಗೆ ಹೋದಾಗ ಅದನ್ನೇ ಮಾಡ್ತಾರೆ. ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಕಾಲ್ ಇರುತ್ತೆ, ಊರಲ್ಲಿ ಮಳೆ ಬಂದ್ರೆ ಕರೆಂಟ್ ಇರಲ್ಲ. ಮನೆಯಲ್ಲಿ ಎರಡು ಖೋಲಿ, ಮದುವೆಗೆ ಬಂದ ಬೀಗರು ಇಪ್ಪತ್ತು ಮಂದಿ. ಹಿರಿಯರೊಬ್ಬರನ್ನ ಬೆಳಗ್ಗೆ ಏಳಕ್ಕೆ ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗಬೇಕಿರುತ್ತೆ. ಇವೆಲ್ಲ ನಿಜವಾದ ಕಾರಣಗಳು. ಆದ್ದರಿಂದ ಈ ಹೋಟೆಲುಗಳನ್ನ ಶೋಕಿ ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. ಅವು ನಮಗೆ ಬೇಕು. ಬೇಕಾಗಿರೋದಕ್ಕೇ ಅವುಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು.

ಈ ನಮೂನಿ ಹೋಟೆಲಿಗೂ ನಮ್ಮ ಕಸುಬಿಗೂ ಹಳೇ ನಂಟಿದೆ. 2004ರಲ್ಲಿ ಟಾಟಾದವರ ಇಂಡಿಯನ್ ಹೋಟೆಲ್ಸ್ ಕಂಪನಿ, ಅಂದ್ರೆ ತಾಜ್ ಹೋಟೆಲುಗಳ ಒಡೆಯರು, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 'ಇಂಡಿಒನ್' ಅಂತ ಒಂದು ಹೋಟೆಲು ತೆರೆದರು. ಅದರ ಕಲ್ಪನೆಯ ಹಿಂದೆ ಮ್ಯಾನೇಜ್‌ಮೆಂಟ್ ಪಂಡಿತ ಸಿ. ಕೆ. ಪ್ರಹ್ಲಾದ್ ಅವರ ಸಲಹೆ ಇತ್ತು. ಮುಂದೆ ಅದೇ 'ಜಿಂಜರ್' ಅಂತ ಹೆಸರು ಬದಲಿಸಿಕೊಂಡು ಬೇರೆ ಊರುಗಳಿಗೆ ಹೋಯಿತು. ಲೆಕ್ಕ ಸರಳ: ಬ್ಯಾಗ್ ಹೊರೋಕೆ ಆಳು ಬೇಡ, ಬಾಗಿಲು ತೆಗೆಯೋಕೆ ಪೇಟ ಸುತ್ತಿದವನು ಬೇಡ, ಈಜುಕೊಳ ಬೇಡ. ಸ್ವಚ್ಛ ಹಾಸಿಗೆ, ಬಿಸಿನೀರು, ಇಂಟರ್ನೆಟ್ ಸಾಕು. ಮಿಕ್ಕಿದ್ದನ್ನ ಗಿರಾಕಿ ತಾನೇ ಮಾಡ್ಕೋತಾನೆ.

ಹೊರದೇಶದಲ್ಲಿ ಈ ಲೆಕ್ಕ ಇನ್ನೂ ಹಳೇದು. 1962ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ರಾತ್ರಿಗೆ 6 ಡಾಲರ್ ಅಂತ ಒಂದು ಮೋಟೆಲ್ ಶುರುವಾಯ್ತು, ದರವನ್ನೇ ಹೆಸರು ಮಾಡ್ಕೊಂಡು 'ಮೋಟೆಲ್ 6' ಅಂತ ಕರೆದರು. 1979ರಲ್ಲಿ ಜಪಾನಿನ ಒಸಾಕಾದಲ್ಲಿ ಮನುಷ್ಯ ಮಲಗುವಷ್ಟೇ ಅಳತೆಯ ಡಬ್ಬಿಗಳ ಕ್ಯಾಪ್ಸೂಲ್ ಹೋಟೆಲು ಬಂತು. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅದನ್ನ ರೂಪಿಸಿದರು. ಈಗಿನ 'ಟ್ರೆಂಡಿ' ರೂಪ ಬಂದಿದ್ದು 2008ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದ ಹತ್ತಿರ ಸಿಟಿಜನ್‌ಎಂ ಹೋಟೆಲು ಶುರುವಾದಾಗ. ರೂಮು ಚಿಕ್ಕದು, ಲಾಬಿ ದೊಡ್ಡದು, ಬಣ್ಣ ಜೋರು, ಚೆಕ್-ಇನ್ ಯಂತ್ರದಲ್ಲಿ. ಹುಬ್ಬಳ್ಳಿಯ ಬೀನ್ ಬ್ಯಾಗಿನ ಅಜ್ಜನ ಊರು ಅದು.

ನಮ್ಮಲ್ಲಿ 2013ರಲ್ಲಿ ಗುರುಗ್ರಾಮದಲ್ಲಿ ಓಯೋ, 2015ರಲ್ಲಿ ಬೆಂಗಳೂರಿನಲ್ಲಿ ಟ್ರೀಬೋ ಶುರುವಾದವು. ಇವು ಮಾಡಿದ ಚಾಲಾಕಿ ಏನಂದ್ರೆ, ಹೊಸ ಕಟ್ಟಡ ಕಟ್ಟೋಕೆ ಹೋಗಲಿಲ್ಲ. ಇದ್ದ ಲಾಡ್ಜುಗಳಿಗೇ ತಮ್ಮ ಹೆಸರು, ತಮ್ಮ ಬೆಡ್‌ಶೀಟು, ತಮ್ಮ ಆ್ಯಪು ಕೊಟ್ಟವು. ಮೂಲ ಮಾಲೀಕನ ಹಾರ್ಡ್‌ವೇರು, ಇವರ ಸಾಫ್ಟ್‌ವೇರು. ಎಷ್ಟು ಬೆಳೆದರು ಅಂದ್ರೆ ಆ 6 ಡಾಲರಿನ ಮೋಟೆಲ್ ಸರಪಳಿಯನ್ನೇ 2024ರಲ್ಲಿ ಓಯೋದವರು 52.5 ಕೋಟಿ ಡಾಲರಿಗೆ ಕೊಂಡುಕೊಂಡರು.

ಮೊದಲು ಒಳ್ಳೇದನ್ನ ಹೇಳಿಬಿಡ್ತೀನಿ. ಹಳೇ ಲಾಡ್ಜಿನ ಬಗ್ಗೆ ಬೆಂಗಳೂರಿನಲ್ಲಿ ಕೂತು ನೆನಪಿನ ಬುತ್ತಿ ಬಿಚ್ಚೋರು ಅಲ್ಲಿ ಮಲಗಿದ್ದು ಕಡಿಮೆ. ತಗಣಿ, ಪಾಚಿ ಕಟ್ಟಿದ ಬಚ್ಚಲು, ಯಾರದೋ ತಲೆಎಣ್ಣೆಯ ಗುರುತು ಇರೋ ದಿಂಬು, ಬಾಗಿಲ ಚಿಲಕದ ಹತ್ತಿರ ಅನುಮಾನದ ತೂತು. ಬಜೆಟ್ ಹೋಟೆಲು ಬಂದ ಮೇಲೆ ಬಿಳಿ ಹಾಸಿಗೆ ಅನ್ನೋದು ನಿಯಮ ಆಯ್ತು. ಬಿಳಿ ಬಟ್ಟೆ ಕಲೆ ಮುಚ್ಚಿಡಲ್ಲ, ಅದೇ ಅದರ ಗುಣ. ಹುಬ್ಬಳ್ಳಿಯಲ್ಲಾಗಲಿ ಹಾಸನದಲ್ಲಾಗಲಿ ರೂಮು ಹೇಗಿರುತ್ತೆ ಅಂತ ಮೊದಲೇ ಗೊತ್ತಿರುತ್ತೆ.

ಎರಡನೇದು ಇನ್ನೂ ದೊಡ್ಡದು. ಹೆಣ್ಣುಮಗಳೊಬ್ಬಳು ರಾತ್ರಿ ಹತ್ತೂವರೆಗೆ ಒಬ್ಬಳೇ ಬಂದು ರೂಮು ಕೇಳಿದ್ರೆ ಹಳೇ ಲಾಡ್ಜಿನ ಮ್ಯಾನೇಜರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡ್ತಿದ್ದ. 'ಜೊತಿಗೆ ಯಾರೂ ಇಲ್ಲೇನ್ರಿ?' ಆಮೇಲೆ 'ರೂಮ್ ಖಾಲಿ ಇಲ್ರಿ.' ಆ್ಯಪಿನಲ್ಲಿ ಬುಕ್ ಮಾಡಿ, ದುಡ್ಡು ಕಟ್ಟಿ, ಮೆಸೇಜು ತೋರಿಸಿದ ಹೆಣ್ಣುಮಗಳಿಗೆ ಆ ಪ್ರಶ್ನೆ ಕೇಳೋಕೆ ಧೈರ್ಯ ಬರಲ್ಲ. ನನ್ನ ಜೊತೆ ಕೆಲಸ ಮಾಡೋ ಇಬ್ಬರು ಹುಡುಗಿಯರು ಕ್ಲೈಂಟ್ ಕೆಲಸಕ್ಕೆ ಉತ್ತರ ಕರ್ನಾಟಕ ಸುತ್ತಾಡ್ತಾರೆ. ಈ ಹೋಟೆಲುಗಳು ಇಲ್ಲದಿದ್ರೆ ಆ ಕೆಲಸ ಅವರಿಗೆ ಸಿಗ್ತಿರಲಿಲ್ಲ.

ಇನ್ನು ತಕರಾರು.

ಮೊದಲನೇದು ಗಡಿಯಾರದ್ದು. ಬೆಂಗಳೂರಿನಿಂದ ರಾತ್ರಿ ಹೊರಟ ರೈಲು, ಸ್ಲೀಪರ್ ಬಸ್ಸು ಹುಬ್ಬಳ್ಳಿಗೆ ಬರೋದು ನಸುಕಿನ ಐದು, ಆರಕ್ಕೆ. ಹೊಸ ಹೋಟೆಲಿನ ಚೆಕ್-ಇನ್ ಮಧ್ಯಾಹ್ನ ಹನ್ನೆರಡಕ್ಕೆ, ಚೆಕ್-ಔಟ್ ಬೆಳಗ್ಗೆ ಹನ್ನೊಂದಕ್ಕೆ. ಅಂದ್ರೆ ಒಂದು ದಿನದ ದುಡ್ಡು ಕೊಟ್ಟು 23 ತಾಸು ತಗೋತೀವಿ, ಅದೂ ಅವರು ಹೇಳಿದ ಹೊತ್ತಿಗೆ. ಬೆಳಗ್ಗೆ ಆರಕ್ಕೆ ಬಂದವನು 'ಅರ್ಲಿ ಚೆಕ್-ಇನ್' ಅಂತ ಇನ್ನೊಂದಿಷ್ಟು ಕಟ್ಟಬೇಕು, ಇಲ್ಲಾಂದ್ರೆ ಬೀನ್ ಬ್ಯಾಗಿನಲ್ಲಿ ಹೂತುಕೊಂಡು ಆರು ತಾಸು ಕಾಯಬೇಕು. ಹಳೇ ಲಾಡ್ಜುಗಳಲ್ಲಿ ಈಗಲೂ ಬಹಳ ಕಡೆ '24 ಗಂಟೆ' ಅಂತ ಬೋರ್ಡು ಇರುತ್ತೆ. ನೀವು ಬಂದ ಕ್ಷಣದಿಂದ ಲೆಕ್ಕ. ಆರಕ್ಕೆ ಬಂದ್ರಾ, ನಾಳೆ ಆರರ ತನಕ ನಿಮ್ಮದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹೊಸ ಹೋಟೆಲು ನಡೆಸೋದು ಬ್ಯಾಚ್ ಪ್ರೊಸೆಸಿಂಗು, ಎಲ್ಲಾ ರೂಮು ಒಟ್ಟಿಗೆ ಖಾಲಿ, ಒಟ್ಟಿಗೆ ಸ್ವಚ್ಛ. ಲಾಡ್ಜಿನವನದು ಈವೆಂಟ್ ಡ್ರಿವನ್ನು. ಕಂಪ್ಯೂಟರ್ ಇಲ್ಲದೇ ರಿಜಿಸ್ಟರ್ ಮತ್ತು ಗೋಡೆ ಗಡಿಯಾರದ ಮೇಲೆ ಅವನು ಅದನ್ನ ನಡೆಸ್ತಾನೆ. ಅಷ್ಟೆಲ್ಲ ಅಲ್ಗಾರಿದಮ್ಮು ಇಟ್ಕೊಂಡ ಆ್ಯಪಿಗೆ ಅದು ಬರಲ್ಲ ಅಂದ್ರೆ ನಂಬೋಕಾಗಲ್ಲ. ಮುಹೂರ್ತ ಇದ್ದ ವಾರ ರೇಟು ದುಪ್ಪಟ್ಟು ಮಾಡೋದು ಮಾತ್ರ ಅದಕ್ಕೆ ಚೆನ್ನಾಗಿ ಬರುತ್ತೆ.

ಎರಡನೇದು ಗಾಜಿನ ಬಚ್ಚಲು. ರೂಮು ಚಿಕ್ಕದಾದಾಗ ಗೋಡೆ ಕಟ್ಟಿದ್ರೆ ಇನ್ನೂ ಚಿಕ್ಕದು ಕಾಣುತ್ತೆ, ಅದಕ್ಕೆ ಗಾಜು ಹಾಕ್ತಾರೆ. ಒಬ್ಬನೇ ಬರೋ ಗಿರಾಕಿಗೆ, ಹೊಸದಾಗಿ ಮದುವೆಯಾದವರಿಗೆ ಅದು ತೊಂದರೆ ಅಲ್ಲ. ನಾನು ನೋಡಿದ ಒಂದು ರೂಮಿನಲ್ಲಿ ಗಾಜಿನ ಮೇಲೆ ಎದೆಮಟ್ಟದ ಮಸಕು ಸ್ಟಿಕ್ಕರು, ಅದರ ಮೇಲೆ ಕೆಳಗೆ ಎಲ್ಲಾ ಪಾರದರ್ಶಕ. ಅವ್ವನ ಜೊತೆ ಬಂದ ಮಗಳು, ಮಾವನ ಜೊತೆ ಬಂದ ಅಳಿಯ, ಇವರೆಲ್ಲ ಆ ರೂಮಿನಲ್ಲಿ ಏನು ಮಾಡಬೇಕು? ಒಬ್ಬರು ಜಳಕಕ್ಕೆ ಹೋದ್ರೆ ಉಳಿದವರು ಕಾರಿಡಾರಿನಲ್ಲಿ ನಿಲ್ಲಬೇಕು. ಹುಬ್ಬಳ್ಳಿಗೆ ಬರೋ ಜನ ಬರೋದೇ ಕುಟುಂಬ ಕಟ್ಟಿಕೊಂಡು. ದವಾಖಾನಿಗೆ, ಜವಳಿಗೆ, ಸಿದ್ಧಾರೂಢ ಮಠಕ್ಕೆ. ಬಚ್ಚಲಿನಲ್ಲಿ ಬಕೆಟ್ಟು ಇಲ್ಲ, ಚಂಬೂ ಇಲ್ಲ. ಕೇಳಿದ್ರೆ 'ಶವರ್ ಐತಲ್ರಿ' ಅಂತಾರೆ. ಅಕ್ಕಪಕ್ಕದ ಹಳ್ಳಿಗಳಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರೋ ಬ್ಯಾಸಿಗಿಯಲ್ಲಿ, ಒಂದು ಬಕೆಟ್ ನೀರಿನಲ್ಲಿ ಮುಗಿಯೋ ಜಳಕಕ್ಕೆ ಎರಡು ನಿಮಿಷ ಬರೀ ಬಿಸಿನೀರು ಬರಲಿ ಅಂತ ತಣ್ಣೀರು ಹರಿಬಿಡಬೇಕು. ಇದರಲ್ಲಿ 'ಸ್ಮಾರ್ಟ್' ಏನಿದೆ?

ಮೂರನೇದು ಗೋಡೆ ಮೇಲಿನ 'ಲೋಕಲ್'. ಈ ಹೋಟೆಲುಗಳಿಗೆ ಸ್ಥಳೀಯತೆ ಅಂದ್ರೆ ವಿನೈಲ್ ಸ್ಟಿಕ್ಕರು. ನಲವತ್ತು ಕಿಲೋಮೀಟರಿನೊಳಗೆ ನವಲಗುಂದ ಇದೆ. ಅಲ್ಲಿನ ಜಮಖಾನಕ್ಕೆ ಜಿಐ ಮಾನ್ಯತೆ ಇದೆ. ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೇ ಮಗ್ಗ ಹಾಕಿ ನವಿಲು, ಪಗಡೆ ಹಾಸಿನ ಚಿತ್ರ ನೇಯ್ತಾರೆ, ನೇಯೋರ ಸಂಖ್ಯೆ ಕಡಿಮೆಯಾಗ್ತಾ ಬಂದಿದೆ. ಇನ್ನೊಂದು ದಿಕ್ಕಿಗೆ ಕಲಘಟಗಿ. ಅಲ್ಲಿನ ಅರಗಿನ ಬಣ್ಣದ ಮರದ ತೊಟ್ಟಿಲು ಎಷ್ಟು ಹೆಸರುವಾಸಿ ಅಂದ್ರೆ ದೂರದೂರದ ಊರಿನವರು ಮೊದಲೇ ಹೇಳಿ ಮಾಡಿಸಿಕೊಂಡು ಹೋಗ್ತಾರೆ. ಮೂವತ್ತು ರೂಮಿನ ಹೋಟೆಲು ರೂಮಿಗೊಂದರಂತೆ ಜಮಖಾನ ಹಾಸಿದ್ರೆ ನವಲಗುಂದದ ಕೆಲವು ಮನೆಗಳಿಗೆ ಎಷ್ಟೋ ತಿಂಗಳ ಕೆಲಸ. ಅದು ಬಿಟ್ಟು ಫೇಡೆಗೆ ಕೂಲಿಂಗ್ ಗ್ಲಾಸ್ ಹಾಕಿದ ಕಾರ್ಟೂನು ಅಂಟಿಸಿ, ಕೆಳಗೆ ಇಂಗ್ಲಿಷಿನಲ್ಲಿ 'ಹುಬ್ಳಿ ವೈಬ್ಸ್' ಅಂತ ಬರೀತಾರೆ. ಬೆಳಗಿನ ತಿಂಡಿಗೆ ಕಾರ್ನ್‌ಫ್ಲೇಕ್ಸು, ಬ್ರೆಡ್ಡು, ಪ್ಯಾಕೆಟ್ ಜಾಮು. ಹೊರಗೆ ರಸ್ತೆ ದಾಟಿದ್ರೆ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಬಡಿಯೋ ಸಪ್ಪಳ ಕೇಳುತ್ತೆ.

ಇಷ್ಟೇ ಆಗಿದ್ರೆ ಇದು ನಗುತ್ತಾ ಓದಿ ಮರೆಯೋ ಅಂಕಣ ಆಗ್ತಿತ್ತು. ಬಕೆಟ್ ತರಿಸಬಹುದು, ಗಾಜಿಗೆ ಟವೆಲ್ ಕಟ್ಟಬಹುದು. ಆದರೆ ನಾಲ್ಕನೇದಕ್ಕೆ ಅಂಥ ಉಪಾಯ ಇಲ್ಲ.

ಹೋದ ವರ್ಷ ಅಪ್ಪನಿಗೆ ಬೆಳಗ್ಗೆ ಬೇಗ ಒಂದು ಪರೀಕ್ಷೆ ಮಾಡಿಸಬೇಕಿತ್ತು, ಖಾಲಿ ಹೊಟ್ಟೆಯಲ್ಲಿ. ಊರಿನಿಂದ ಅಷ್ಟೊತ್ತಿಗೆ ಬಸ್ಸಿಲ್ಲ. ಹಿಂದಿನ ದಿನ ನಾನು ಬೆಂಗಳೂರಿನಿಂದ ಬಂದೆ, ಅಪ್ಪ ಊರಿನಿಂದ ಸಂಜೆ ಬಸ್ಸಿಗೆ ಬಂದ. ದವಾಖಾನಿಗೆ ನಡೆದುಹೋಗುವಷ್ಟು ಹತ್ತಿರ ಇದ್ದ ಒಂದು ಬಜೆಟ್ ಹೋಟೆಲಿನಲ್ಲಿ ಎರಡು ರೂಮು ಬುಕ್ ಮಾಡಿದ್ದೆ. ರೂಮಿಗೆ 1,499 ರೂಪಾಯಿ, ಶೇ. 5ರ ಜಿಎಸ್‌ಟಿ ಸೇರಿ 1,574. ಕೌಂಟರಿನ ಹುಡುಗ ನನ್ನ ಆಧಾರ್ ತಗೊಂಡ, ಸ್ಕ್ಯಾನ್ ಮಾಡಿದ, ಕಾರ್ಡು ಕೊಟ್ಟ. ಅಪ್ಪನ ಆಧಾರ್ ಹಿಂದೆ ಮುಂದೆ ತಿರುಗಿಸಿ ನೋಡಿದ.

'ಸರ, ತಮ್ಮದು ಓಕೆ ಐತ್ರಿ. ಕಾಕಾರದು ನಡಿಯಂಗಿಲ್ರಿ. ಲೋಕಲ್ ಐಡಿ ಐತಿ.'

'ಹಂಗಂದ್ರ?' ಅಂದ ಅಪ್ಪ.

'ಧಾರವಾಡ ಜಿಲ್ಲಾದ ಅಡ್ರೆಸ್ ಇದ್ದೋರಿಗೆ ರೂಮ್ ಕೊಡಂಗಿಲ್ರಿ ಕಾಕಾ. ರೂಲ್ಸ್ ಐತಿ.'

ಅಪ್ಪ ಜೋರು ಮಾಡೋ ಮನುಷ್ಯ ಅಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ. 'ಅಲ್ಲೋ ತಮ್ಮಾ, ಅರವತ್ತೇಳು ವರ್ಷ ಇದ ಜಿಲ್ಲಾದಾಗ ಅದೀನಿ. ಇಲ್ಲೇ ಮಲಗಾಕ ಬ್ಯಾಡ ಅಂದ್ರ ಮುಂದಿನ ಸಲ ಬಿಜಾಪುರದಾಗ ಹುಟ್ಟಿ ಬರಲೇನು?'

ಹುಡುಗ ನಗಬೇಕೋ ಬೇಡವೋ ಗೊತ್ತಾಗದೇ ತಲೆ ತಗ್ಗಿಸಿದ. ನಾನು ಊರು ಯಾವುದು ಅಂತ ಕೇಳಿದೆ. ಕಲಘಟಗಿ ತಾಲೂಕಿನವನು. ಎರಡು ವರ್ಷದಿಂದ ಅಲ್ಲೇ ಕೆಲಸ. 'ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ಈ ರೂಲ್ಸ್ ಪ್ರಕಾರ ನನಗೂ ಇಲ್ಲಿ ರೂಮ್ ಸಿಗಂಗಿಲ್ರಿ' ಅಂದ.

ಕೊನೆಗೆ ಮ್ಯಾನೇಜರಿಗೆ ಫೋನು ಮಾಡಿ, 'ಫ್ಯಾಮಿಲಿ ಗೆಸ್ಟ್' ಅಂತ ನನ್ನ ರೂಮಿಗೇ ಅಪ್ಪನನ್ನ ಸೇರಿಸಿದರು. ಹೆಚ್ಚುವರಿ ಹಾಸಿಗೆಗೆ 500 ರೂಪಾಯಿ. ಎರಡನೇ ರೂಮಿನ ದುಡ್ಡು ವಾಪಸ್ ಬರೋಕೆ ಒಂಬತ್ತು ದಿನ ಹಿಡೀತು.

ಇದರಲ್ಲಿ ವಿಚಿತ್ರ ನೋಡಿ. ನನ್ನ ಆಧಾರಿನಲ್ಲಿ ಇರೋದು ಬೆಂಗಳೂರಿನ ಒಂದು ಬಾಡಿಗೆ ಮನೆಯ ವಿಳಾಸ. ಆ ಮನೆ ಬಿಟ್ಟು ಮೂರು ವರ್ಷ ಆಯ್ತು. ಆ ವಿಳಾಸ ನನ್ನ ಬಗ್ಗೆ ಏನೂ ಹೇಳಲ್ಲ. ಅಪ್ಪನ ಆಧಾರಿನ ವಿಳಾಸದಲ್ಲಿ ಆತ ಹುಟ್ಟಿದಾಗಿನಿಂದ ಇದ್ದಾನೆ, ಹುಡುಕಿಕೊಂಡು ಹೋದ್ರೆ ಅಲ್ಲೇ ಕಟ್ಟಿ ಮೇಲೆ ಸಿಗ್ತಾನೆ. ಗುರುತಿನ ಚೀಟಿಯ ಕೆಲಸ ಗುರುತು ಹಿಡಿಯೋದು ಅಂತಾದ್ರೆ ಇಬ್ಬರಲ್ಲಿ ಯಾರನ್ನ ನಂಬಬೇಕು?

ಈ ನಿಯಮ ಒಂದು ಹೋಟೆಲಿನದಲ್ಲ. ಆ್ಯಪುಗಳಲ್ಲಿ ರೂಮಿನ ಫೋಟೋ ಕೆಳಗೆ, ನಾಲ್ಕು ಸಲ ಬೆರಳು ಜಾರಿಸಿದ ಮೇಲೆ, ಸಣ್ಣ ಅಕ್ಷರದಲ್ಲಿ 'ಸ್ಥಳೀಯ ಗುರುತಿನ ಚೀಟಿ ಸ್ವೀಕರಿಸುವುದಿಲ್ಲ' ಅನ್ನೋ ಅರ್ಥದ ಸಾಲು ದೇಶದ ತುಂಬಾ ಸಿಗುತ್ತೆ. ಹಾಗೆ ಮಾಡಲೇಬೇಕು ಅನ್ನೋ ಕಾನೂನು ಇಲ್ಲ. ಹೋಟೆಲಿನವರು ಪಿಸುಮಾತಿನಲ್ಲಿ ಕೊಡೋ ಕಾರಣ ಬೇರೆ. ಅದೇ ಊರಿನ ಹುಡುಗ ಹುಡುಗಿ ಎರಡು ತಾಸಿಗೆ ಬರ್ತಾರೆ, ಅಕ್ಕಪಕ್ಕದವರು ಮಾತಾಡ್ತಾರೆ, ಪೊಲೀಸರು ಬರ್ತಾರೆ. ಸ್ಥಳೀಯರು ಕುಡಿಯೋಕೆ ರೂಮು ಮಾಡ್ತಾರೆ, ಗದ್ದಲ ಆಗುತ್ತೆ. ಆದ್ದರಿಂದ ಜಿಲ್ಲೆಯನ್ನೇ ಹೊರಗಿಟ್ಟರೆ ತಲೆನೋವಿಲ್ಲ.

ಮೊದಲ ಕಾರಣವನ್ನೇ ನೋಡೋಣ. ವಯಸ್ಕರಾದ ಇಬ್ಬರು, ಮದುವೆಯಾಗದೇ ಇದ್ದರೂ, ಹೋಟೆಲಿನ ರೂಮಿನಲ್ಲಿ ಇರೋದು ಅಪರಾಧ ಅಲ್ಲ. ಕೊಯಮತ್ತೂರಿನ ಒಂದು ವಸತಿಗೃಹಕ್ಕೆ ಅಧಿಕಾರಿಗಳು ಬೀಗ ಹಾಕಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರಿನಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿ ಬೀಗ ತೆಗೆಸಿತು. ಆದರೂ 2025ರ ಜನವರಿಯಲ್ಲಿ ಓಯೋ ಮೀರತ್ ಊರಿನಿಂದ ಶುರುಮಾಡಿ, ಮದುವೆಯಾಗದ ಜೋಡಿಗಳನ್ನ ನಿರಾಕರಿಸೋ ಅಧಿಕಾರವನ್ನ ತನ್ನ ಪಾಲುದಾರ ಹೋಟೆಲುಗಳಿಗೆ ಕೊಟ್ಟಿತು. ಅಷ್ಟಾದರೂ ಬಾಯಿಬಿಟ್ಟು ಹೇಳಿದ ನಿಯಮ. 'ಲೋಕಲ್ ಐಡಿ' ಅನ್ನೋದು ಅದೇ ಮಾತನ್ನ ಬಾಯಿಬಿಡದೇ, ಪಿನ್‌ಕೋಡಿನ ಮರೆಯಲ್ಲಿ ನಿಂತು ಹೇಳುತ್ತೆ. ಹಣ ಇರೋ ಜೋಡಿ ಪಕ್ಕದ ಜಿಲ್ಲೆಗೆ ಕಾರು ಓಡಿಸಿಕೊಂಡು ಹೋಗುತ್ತೆ, ಅಲ್ಲಿ ಅವರು ಪರಊರಿನವರು. ಬಲೆಗೆ ಬೀಳೋರು ಯಾರು? ಅಪ್ಪನಂಥೋರು.

ನಾವು ಕೋಡ್ ಬರೆಯೋ ಜನಕ್ಕೆ ಇದು ಗೊತ್ತಿರೋ ರೋಗ. ಅಳೆಯಬೇಕಾಗಿದ್ದನ್ನ ಅಳೆಯೋಕೆ ಆಗಲ್ಲ, ಅದಕ್ಕೆ ಕೈಗೆ ಸಿಕ್ಕಿದ ಇನ್ನೊಂದನ್ನ ಅಳೀತೀವಿ. ಗಲಾಟೆ ಮಾಡೋರನ್ನ ತಡೀಬೇಕು, ಗಲಾಟೆ ಮಾಡೋರು ಯಾರು ಅಂತ ಗೊತ್ತಿಲ್ಲ, ಆಧಾರಿನಲ್ಲಿ ಜಿಲ್ಲೆ ಇದೆ, ಅದನ್ನೇ ಶರತ್ತು ಮಾಡಿಬಿಡು. ಒಂದು ಸಾಲಿನ ಇಫ್ ಕಂಡಿಷನ್ನು. ಟೆಸ್ಟ್ ಮಾಡಿದವನು ಯಾವುದೋ ಮಹಾನಗರದಲ್ಲಿ ಕೂತಿದ್ದ. ಆತನ ಲೆಕ್ಕದಲ್ಲಿ ಸ್ಥಳೀಯನಿಗೆ ಆ ಊರಲ್ಲೇ ಮನೆ ಇರುತ್ತೆ, ಆತ ಹೋಟೆಲಿಗೆ ಬಂದ ಅಂದ್ರೆ ಏನೋ ಒಳಸಂಚು ಇರಲೇಬೇಕು.

ನಮ್ಮ ಕಡೆ 'ಊರು' ಮತ್ತು 'ಜಿಲ್ಲಾ' ಒಂದೇ ಅಲ್ಲ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದ, ಎಲ್ಲವೂ ಹುಬ್ಬಳ್ಳಿಯಿಂದ 20ರಿಂದ 40 ಕಿಲೋಮೀಟರ್. ನಕ್ಷೆಯಲ್ಲಿ ಹತ್ತಿರ. ಆದರೆ ತಾಲೂಕಿನ ಊರಿನಿಂದ ಒಳಗಿನ ಹಳ್ಳಿಗೆ ಸಂಜೆ ಬಸ್ಸು ತಪ್ಪಿದ್ರೆ ಮುಂದಿನದು ಮರುದಿನ ಬೆಳಗ್ಗೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿದ್ರೆ ಅದೂ ಇಲ್ಲ, ಎರಿ ಹೊಲದ ದಾರಿಯಲ್ಲಿ ಬೈಕೂ ಹೋಗಲ್ಲ. ಈ ಜಿಲ್ಲೆಯ ದೊಡ್ಡ ದವಾಖಾನಿಗಳು, ಅಮರಗೋಳದ ಎಪಿಎಂಸಿ, ಧಾರವಾಡದ ಹೈಕೋರ್ಟ್ ಪೀಠ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗುಗಳು, ನಸುಕಿನ ರೈಲು, ಎಲ್ಲವೂ ಅವಳಿ ನಗರದಲ್ಲೇ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ರೂಮು ಎಲ್ಲರಿಗಿಂತ ಹೆಚ್ಚು ಬೇಕಾಗಿರೋದೇ ಈ ಜಿಲ್ಲೆಯ ಹಳ್ಳಿಯವರಿಗೆ.

ನಮ್ಮ ಚಿಕ್ಕಪ್ಪನ ಮಗಳು ಒಂದು ಸರ್ಕಾರಿ ಹುದ್ದೆಯ ಪರೀಕ್ಷೆ ಬರೆಯೋಕೆ ಧಾರವಾಡಕ್ಕೆ ಹೋಗಬೇಕಿತ್ತು. ಬೆಳಗ್ಗೆ ಎಂಟೂವರೆಗೆ ಸೆಂಟರಿನಲ್ಲಿ ಇರಬೇಕು. ಎರಡು ಹೋಟೆಲಿನಲ್ಲಿ ಕೇಳಿದಳು, ಲೋಕಲ್ ಐಡಿ. ಮೇಲೆ ನಾನು ಹೊಗಳಿದೆನಲ್ಲ, ಒಂಟಿ ಹೆಣ್ಣುಮಗಳಿಗೆ ಈಗ ಯಾರೂ ಪ್ರಶ್ನೆ ಕೇಳಲ್ಲ ಅಂತ, ಆ ಸೌಲಭ್ಯ ಬೆಂಗಳೂರಿನ ವಿಳಾಸ ಇರೋ ಹೆಣ್ಣುಮಗಳಿಗೆ ಮಾತ್ರ. ನಮ್ಮ ಹುಡುಗಿಗೆ ಪ್ರಶ್ನೆಯನ್ನೂ ಕೇಳಲಿಲ್ಲ, ನೇರವಾಗಿ ಇಲ್ಲ ಅಂದ್ರು. ಆಕೆ ರಾತ್ರಿ ಮೂರೂವರೆಗೆ ಎದ್ದು, ಅಪ್ಪನ ಬೈಕಿನ ಹಿಂದೆ ಕೂತು ತಾಲೂಕಿಗೆ ಬಂದು, ಎರಡು ಬಸ್ಸು ಬದಲಿಸಿ, ಎಂಟೂ ಇಪ್ಪತ್ತೈದಕ್ಕೆ ಗೇಟು ಮುಟ್ಟಿದಳು. ಆ ಪರೀಕ್ಷೆಯಲ್ಲಿ ಅವಳ ಪಕ್ಕ ಕೂತು ಬರೆದವಳು ಬೇರೆ ಜಿಲ್ಲೆಯವಳಾಗಿದ್ರೆ, ಹಿಂದಿನ ರಾತ್ರಿ ಆ ಹೋಟೆಲಿನ ಬಿಳಿ ಹಾಸಿಗೆಯಲ್ಲಿ ಎಂಟು ತಾಸು ನಿದ್ದೆ ಮಾಡಿರಬಹುದು.

ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯನ್ನ ಒಮ್ಮೆ ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೇ ಯಾರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶದಿಂದ ತಡೆಯಬಾರದು ಅನ್ನೋದು ಅದರ ತಾತ್ಪರ್ಯ. ಹೋಟೆಲು ಅನ್ನೋ ಮಾತು ಅದರಲ್ಲೇ ಇದೆ. ಹುಟ್ಟಿದ ಸ್ಥಳ ಬೇರೆ, ಆಧಾರಿನಲ್ಲಿರೋ ವಾಸದ ವಿಳಾಸ ಬೇರೆ ಅಂತ ವಕೀಲರು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇರಬಹುದು. ಆದರೆ ಹುಟ್ಟಿದ ಊರಲ್ಲೇ ಬದುಕಿದ ಮನುಷ್ಯನಿಗೆ ಆ ಎರಡಕ್ಕೂ ವ್ಯತ್ಯಾಸ ಇರಲ್ಲ. ಊರು ಬಿಟ್ಟ ನಮ್ಮಂಥೋರಿಗೆ ಮಾತ್ರ ಆ ವ್ಯತ್ಯಾಸದ ಲಾಭ.

ಹಳೇ ಕಾಲದಲ್ಲಿ ಎಲ್ಲಾ ಚಂದ ಇತ್ತು ಅಂತ ನಾನು ಹೇಳಲ್ಲ. ಎಷ್ಟೋ ಛತ್ರಗಳಲ್ಲಿ ಮೊದಲು ಜಾತಿ ಕೇಳಿ ಆಮೇಲೆ ನೀರು ಕೊಡ್ತಿದ್ರು. ಪ್ರತಿ ತಾಲೂಕಿನಲ್ಲೂ ಇರೋ ಸರ್ಕಾರಿ ಪ್ರವಾಸಿ ಮಂದಿರ, ನಾವು ಐಬಿ ಅಂತ ಕರೆಯೋದು, ಸಾಹೇಬರು ಮತ್ತು ಶಾಸಕರಿಗೇ ಮೀಸಲು ಅನ್ನೋ ಹಾಗಿರುತ್ತೆ. ಆದರೆ ಇದೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಪಂಕ್ತಿಗೆ ಕೂತವನನ್ನ ಯಾವ ಜಿಲ್ಲೆ ಅಂತ ಕೇಳಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗೋರು ದಾರಿಯಲ್ಲಿನ ಯಾರದೋ ಹೊಲದಲ್ಲಿ, ಯಾರದೋ ಕಟ್ಟಿ ಮೇಲೆ ರಾತ್ರಿ ಕಳೀತಾರೆ. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಬಂದ ಪರಊರಿನವರಿಗೆ ರೂಮಿನ ಚಿಂತೆ ಇರಲ್ಲ, ಹಾಡು ಬೆಳಗಿನ ತನಕ ನಡೆಯುತ್ತೆ. ಹೊಸ ಹೋಟೆಲು ಇವುಗಳಿಂದ ದಾನ ಧರ್ಮ ಕಲಿಯಬೇಕಿಲ್ಲ, ಅದು ವ್ಯಾಪಾರ. ದುಡ್ಡು ಕೊಟ್ಟವನಿಗೆ ರೂಮು ಕೊಡೋದು ಅನ್ನೋ ವ್ಯಾಪಾರದ ಮೊದಲ ಪಾಠ ಪಾಲಿಸಿದ್ರೆ ಸಾಕು.

ಅಂದ ಹಾಗೆ, ಲೋಕಲ್ ಐಡಿಗೆ ರೂಮು ಕೊಡೋರು ಇದ್ದಾರೆ. ಅದೇ ಸ್ಟೇಷನ್ ರೋಡಿನ ಲಾಡ್ಜಿನವರು. ರಿಜಿಸ್ಟರಿನಲ್ಲಿ ಹೆಸರು, ಊರು, ಬಂದ ಕಾರಣ ಬರೆಸ್ಕೋತಾರೆ. 'ದವಾಖಾನಿಗೆ' ಅಂತ ಬರೆದ್ರೆ ಯಾವ ದವಾಖಾನಿ, ಯಾರಿಗೆ ಆರಾಮಿಲ್ಲ ಅಂತ ಕೇಳ್ತಾರೆ. ಆ ಪ್ರಶ್ನೆ ಕಿರಿಕಿರಿ ಅನ್ನಿಸಬಹುದು, ಆದರೆ ಅದು ಮನುಷ್ಯ ಮನುಷ್ಯನನ್ನ ನೋಡಿ ಮಾಡೋ ತಪಾಸಣೆ, ಎದುರಿಗೆ ನಿಂತವನಿಗೆ ಉತ್ತರ ಹೇಳೋಕೆ ಅವಕಾಶ ಇರುತ್ತೆ. ಇಂಥ ಲಾಡ್ಜುಗಳ ಮೇಲೆ ಹೊರೆಯೂ ಬಿದ್ದಿದೆ. 1,000 ರೂಪಾಯಿ ತನಕದ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಹಾಕಿದರು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ನೋಂದಣಿ ಇರೋ 800 ರೂಪಾಯಿಯ ಲಾಡ್ಜಿನ ರೂಮಿಗೆ ಮೂರು ವರ್ಷ 96 ರೂಪಾಯಿ ತೆರಿಗೆ ಬಿತ್ತು, ಈಗ 40. ಈ ಲಾಡ್ಜುಗಳು ಒಂದೊಂದಾಗಿ ಆ್ಯಪಿನ ಬೋರ್ಡು ಹಾಕ್ಕೊಂಡು 'ಟ್ರೆಂಡಿ' ಆಗ್ತಿವೆ. ಬಣ್ಣ ಬಳಿದ ದಿನವೇ ಆ ನಿಯಮವೂ ಬಂದು ಕೂರುತ್ತೆ. ಹೀಗೇ ಆದ್ರೆ ಕುಂದಗೋಳದ ರೈತನಿಗೆ ಹುಬ್ಬಳ್ಳಿಯಲ್ಲಿ ಉಳಿಯೋದು ಬಸ್‌ಸ್ಟ್ಯಾಂಡಿನ ಬೆಂಚು.

ಏನು ಮಾಡಬೇಕು ಅನ್ನೋದು ದೊಡ್ಡ ವಿಷಯವೇನಲ್ಲ. ಗುರುತಿನ ಚೀಟಿ ಕೇಳಲಿ, ಗುರುತಿಗೆ ಮಾತ್ರ ಕೇಳಲಿ, ಜಿಲ್ಲೆ ನೋಡಿ ತೀರ್ಮಾನ ಮಾಡೋದು ಬೇಡ. ಗಲಾಟೆ ಮಾಡಿದವರನ್ನ ಹೊರಗೆ ಹಾಕೋಕೆ ಹೋಟೆಲಿಗೆ ಅಧಿಕಾರ ಇದ್ದೇ ಇದೆ, ಮಾಡದವರನ್ನ ಮೊದಲೇ ಹೊರಗಿಡೋದು ಬೇಡ. ಹುಬ್ಬಳ್ಳಿಯಂಥ ಊರಲ್ಲಿ 24 ತಾಸಿನ ಲೆಕ್ಕ ತರಲಿ. ಬಚ್ಚಲಿಗೆ ಒಂದು ಪರದೆ, ಒಂದು ಬಕೆಟ್ಟು, ಒಂದು ಚಂಬು ಇಡಲಿ. ಸ್ಟಿಕ್ಕರಿನ ದುಡ್ಡಿನಲ್ಲಿ ಒಂದು ಜಮಖಾನ ಕೊಳ್ಳಲಿ.

ನಮ್ಮ ಪಾಲಿನದೂ ಸ್ವಲ್ಪ ಇದೆ. ಈ ಹೋಟೆಲುಗಳು ಕಿವಿಗೊಡೋದು ನಮ್ಮ ಮಾತಿಗೆ, ಯಾಕಂದ್ರೆ ರಿವ್ಯೂ ಬರೆಯೋರು ನಾವು. ಅಪ್ಪ ರಿವ್ಯೂ ಬರೆಯಲ್ಲ. ಇಲ್ಲಿಯ ತನಕ ನಾವು ಬರೆದಿರೋದು ವೈಫೈ ಸ್ಪೀಡು, ಎಸಿ ಸಪ್ಪಳ, ಪನೀರ್ ಸ್ಯಾಂಡ್‌ವಿಚ್ಚು. ಆವತ್ತು ರೂಮು ಬಿಡುವಾಗ ಆ ಕಲಘಟಗಿಯ ಹುಡುಗ 'ಫೈವ್ ಸ್ಟಾರ್ ಕೊಡ್ರಿ ಸರ, ಕಡಿಮಿ ಆದ್ರ ನಮ್ಮ ಇನ್ಸೆಂಟಿವ್ ಹಿಡೀತಾರ' ಅಂದಿದ್ದ. ಅವನ ಕೆಲಸಕ್ಕೆ ಐದೂ ಕೊಟ್ಟೆ. ನಿಯಮಕ್ಕೆ ಎಷ್ಟು ಸ್ಟಾರು ಅಂತ ಕೇಳೋ ಜಾಗ ಆ್ಯಪಿನಲ್ಲಿ ಇರಲಿಲ್ಲ, ಕೆಳಗಿನ ಖಾಲಿ ಡಬ್ಬಿಯಲ್ಲಿ ಕನ್ನಡದಲ್ಲೇ ಬರೆದೆ: 'ರೂಮು ಸ್ವಚ್ಛ ಇದೆ. ಹುಡುಗರು ಒಳ್ಳೆಯವರು. ಈ ಜಿಲ್ಲೆಯವರಿಗೆ ಕೊಡುವುದಿಲ್ಲ.' ಮುಂದಿನ ಸಲ ನೀವು ಯಾವ ಊರಲ್ಲೇ ಇಂಥ ಹೋಟೆಲಿಗೆ ಹೋದ್ರೂ ಕೌಂಟರಿನಲ್ಲಿ ಒಂದು ಮಾತು ಕೇಳಿ, ಲೋಕಲ್ ಐಡಿ ನಡೆಯುತ್ತಾ ಅಂತ. ಉತ್ತರ ಏನು ಬಂತೋ ಅದನ್ನೂ ರಿವ್ಯೂನಲ್ಲಿ ಒಂದು ಸಾಲು ಬರೀರಿ.